ಬಾಲದ ತುಂಡು

ಮೀನು ಕೊಯ್ಯುವಾಗ ಪ್ರತಿ ತುಂಡಿನಲ್ಲೂ ಹೆಬ್ಬೆರಳಗಲದಷ್ಟು ಚರ್ಮವನ್ನು ಹುರುಪೆ ಸಮೇತ ಹಾಗೆಯೇ ಬಿಟ್ಟುಬಿಡುವ ಅಭ್ಯಾಸವೊಂದು ನನಗೆ ಅಂಟಿಕೊಂಡು ಎರಡು ವರ್ಷವಾಗುತ್ತ ಬಂತು. ಇದರಿಂದ ಮನೆಯವರಿಗೆಲ್ಲ ಕಿರಿಕಿರಿ. ಬೆಂದ ಹುರುಪೆ ಬಾಯಿಗೆ ಸಿಕ್ಕರೆ ಕತ್ತರಿಸಿದ ಉಗುರು ಸಿಕ್ಕಿದ ಹಾಗೆ. ಮೊನ್ನೆ ನನ್ನ ಮಗಳು ಹನಾ ಆ ಚೂರನ್ನು ತಟ್ಟೆಯ ಅಂಚಿಗೆ ತಳ್ಳಿ, "ಪಪ್ಪಾ, ಯೂ ಮಿಸ್ಡ್ ಎ ಸ್ಪಾಟ್ ಅಗೇನ್" ಎಂದಳು. ಅವಳು ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಒಂಬತ್ತನೆಯ ಕ್ಲಾಸು. ತಂದೆಯ ತಪ್ಪುಗಳನ್ನೆಲ್ಲ ಇಂಗ್ಲಿಷಿನಲ್ಲೇ ಹೇಳುತ್ತಾಳೆ. ಹೆಂಡತಿ ಸಬೀಹಾ ಮಾತ್ರ ತನ್ನ ತಟ್ಟೆಯ ಚೂರನ್ನು ಜೋಪಾನವಾಗಿ ಎತ್ತಿ ಬದಿಗಿಟ್ಟಳು. ಅವಳಿಗೆ ಕಾರಣ ಗೊತ್ತು.

ಭಟ್ಕಳದ ಗಂಡಸಿಗೆ ಮೀನು ಸರಿಮಾಡಲು ಬರುವುದಿಲ್ಲ ಎಂದರೆ ಊರಿಗೇ ಅವಮಾನ. ನನಗೆ ಬರುತ್ತದೆ, ದಯವಿಟ್ಟು ನಂಬಿ. ನನ್ನ ಅಕ್ಕ ಖೈರುನ್ನಿಸಾ ನನ್ನ ಕಿವಿ ಹಿಂಡಿ ಕಲಿಸಿದ ವಿದ್ಯೆ ಅದು. ಬಾವಿಕಟ್ಟೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಮೆಟ್ಟುಕತ್ತಿಗೆ ಬೂದಿ ಸವರಿ, ಬಾಲದಿಂದ ತಲೆಯ ಕಡೆಗೆ ಹುರುಪೆ ಕೆರೆಯುವುದು. ಕೆರೆದ ಮೇಲೆ ಅಕ್ಕ ತನ್ನ ಅಂಗೈಯನ್ನು ಮೀನಿನ ಮೈಮೇಲೆ ಎದುರುಗಡೆಯಿಂದ ಸವರುತ್ತಿದ್ದಳು. ಒಂದೇ ಒಂದು ಹುರುಪೆ ಕೈಗೆ ತಾಗಿದರೂ ಮೀನು ವಾಪಸು ನನ್ನ ಮಡಿಲಿಗೆ. ಆಗ ನನಗೆ ಹತ್ತು ವರ್ಷ. ಕ್ರಿಕೆಟ್ ಆಡುವ ಹುಡುಗರು ಬೇಲಿಯಾಚೆ ಕೂಗುತ್ತಿದ್ದರೆ ಇಲ್ಲಿ ನಾನು ಬಂಗುಡೆಯ ಜೊತೆ ಕಣ್ಣೀರು ಹಾಕುತ್ತಿದ್ದೆ. ಸೌದಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ನನ್ನ ಉಗುರಿನ ಸಂದಿಯಲ್ಲಿ ಆ ಬೂದಿ ಇನ್ನೂ ಇದೆ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಅಭ್ಯಾಸದ ಕಾರಣ ಹೇಳಬೇಕಾದರೆ ನಮ್ಮ ಅಡುಗೆಮನೆಯ ಚೂರಿಯಿಂದ ಶುರುಮಾಡಬೇಕು. ಅದರ ಹಿಡಿಗೆ ನೀಲಿ ದಾರ ಸುತ್ತಿದೆ. ಅದು ಸಾಲೋಮನ್ ಭಾಯಿ ಕೊಟ್ಟದ್ದು. ಸಾಲೋಮನ್ ಭಾಯಿ ಇಲ್ಲೇ ರಾಸ್ ತನೂರಾದಲ್ಲಿ ಒಂದು ಗುತ್ತಿಗೆ ಕಂಪನಿಯಲ್ಲಿ ವೆಲ್ಡಿಂಗ್ ಇನ್ಸ್‌ಪೆಕ್ಟರ್ ಆಗಿದ್ದರು. ನಾನು ಆ ಕಂಪನಿಗೆ ಪೈಪು, ವಾಲ್ವು ಒದಗಿಸುವ ಗೋದಾಮಿನ ಉಸ್ತುವಾರಿ. ಮೊದಲ ಎರಡು ವರ್ಷ ನಾನು ಅವರನ್ನು ನಮ್ಮವರೇ ಎಂದುಕೊಂಡು ಸುಲೈಮಾನ್ ಎಂದೇ ಕರೆಯುತ್ತಿದ್ದೆ. ಅವರೂ ತಿದ್ದಲಿಲ್ಲ. ಒಂದು ದಿನ ಗೋದಾಮಿನಲ್ಲಿ ಚಹಾ ಕುಡಿಯುತ್ತ ತಾವಾಗಿಯೇ ಹೇಳಿದರು: "ಶಬ್ಬೀರ್, ನಾನು ಯಹೂದಿ ಮಾರಾಯ. ನೀನು ಶುಕ್ರವಾರ ಜುಮಾ ನಮಾಜಿಗೆ ಕರೀತಿಯಲ್ಲ, ಪ್ರತಿ ಸಲ ಸುಳ್ಳು ಹೇಳಿ ಹೇಳಿ ನನಗೆ ಸಾಕಾಯ್ತು."

ಈಗ ನಿಮ್ಮ ಹುಬ್ಬು ಮೇಲೇರಿರಬಹುದು. ನನ್ನದೂ ಏರಿತ್ತು. ಆದರೆ ಏರಿದ ಹುಬ್ಬು ಇಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವರು ಕೊಂಕಣ ತೀರದವರು, ಅಲಿಬಾಗಿನ ಕಡೆಯ ಒಂದು ಹಳ್ಳಿ. ಹಿರಿಯರು ಗಾಣದಲ್ಲಿ ಎಣ್ಣೆ ತೆಗೆಯುತ್ತಿದ್ದರಂತೆ, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರಂತೆ. ಎಷ್ಟೋ ತಲೆಮಾರಿನ ಹಿಂದೆ ಹಡಗು ಒಡೆದು ಆ ದಡಕ್ಕೆ ಬಿದ್ದವರು ತಾವು ಎನ್ನುತ್ತಿದ್ದರು. ಭಟ್ಕಳದ ಮುಸ್ಲಿಮರಾದ ನಮ್ಮ ನವಾಯತರೂ ಹಡಗಿನಲ್ಲೇ ಬಂದವರು ಎಂದು ಅಜ್ಜಿ ಹೇಳುತ್ತಿದ್ದಳು. ನನ್ನ ಮನೆಮಾತಾದ ನವಾಯತಿಗೂ ಅವರ ಮನೆಮಾತಿನ ಮರಾಠಿಗೂ ಅರ್ಧ ನೆಂಟಸ್ತನ. ಉಳಿದರ್ಧಕ್ಕೆ ಅವರು ಮಂಗಳೂರಿನ ಬಂದರಿನಲ್ಲಿ ಹನ್ನೆರಡು ವರ್ಷ ದುಡಿದು ಕಲಿತ ಕನ್ನಡವಿತ್ತು. ಊಟದ ವಿಷಯಕ್ಕೆ ಬಂದರೆ ತೆಂಗಿನಹಾಲು, ಅವಲಕ್ಕಿ, ಮೀನು. ಇಷ್ಟು ಒಂದೇ ಆದ ಮೇಲೆ ಜಗಳವಾಡಲು ಉಳಿಯುವುದಾದರೂ ಏನು?

ರಾಸ್ ತನೂರಾದಿಂದ ದಹ್ರಾನಿನವರೆಗೆ ಹುಡುಕಿದರೆ ಅವರೂ ಸೇರಿ ಅವರ ಜನ ಆರು ಮಂದಿ ಇದ್ದರು. ಒಬ್ಬಳು ನರ್ಸು, ಉಳಿದವರು ಬೇರೆ ಬೇರೆ ದೇಶಗಳ ಇಂಜಿನಿಯರುಗಳು. ಅವರಲ್ಲಿ ನಿಮಗೆ ಪರಿಚಯ ಬೇಕಾದವನು ಒಬ್ಬನೇ: ದಕ್ಷಿಣ ಆಫ್ರಿಕಾದ ಡೇನಿಯಲ್, ಮೂವತ್ತರ ಹರೆಯದ ಕಟ್ಟುನಿಟ್ಟಿನ ಆಸಾಮಿ. ಊಟದ ಕಟ್ಟಳೆಯಲ್ಲಿ ಸಾಲೋಮನ್ ಭಾಯಿ ತಲೆಕೆರೆದುಕೊಂಡರೆ ಅವನು ಬೆರಳು ಮಡಚಿ ಉತ್ತರ ಹೇಳುತ್ತಿದ್ದ. ಆರು ಮಂದಿಗೆ ಪ್ರಾರ್ಥನಾ ಮಂದಿರವೇನೂ ಇರಲಿಲ್ಲ. ಇದ್ದದ್ದು ಸೈಕಲ್ಲು ಮಾತ್ರ.

ಶುಕ್ರವಾರ ಬೆಳಗ್ಗೆ ಸೈಕಲ್ಲೇರಿ ಹೊರಟರೆ ಕೊಲ್ಲಿಯ ಅಂಚಿನಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಕಾಡಿನವರೆಗೆ ಹೋಗುತ್ತಿದ್ದರು. ಉಬ್ಬರ ಇಳಿದಾಗ ಕಾಂಡ್ಲಾ ಬೇರುಗಳಿಗೆ ಸುತ್ತಿಕೊಂಡ ಪ್ಲಾಸ್ಟಿಕ್ ಚೀಲ, ಬಾಟಲಿ, ಬಲೆಯ ತುಂಡು ಬಿಡಿಸಿ ಗೋಣಿಗೆ ತುಂಬಿ ಕ್ಯಾರಿಯರಿಗೆ ಕಟ್ಟುವುದು. ಬರುವಾಗ ಮೀನು ಕೊಳ್ಳುವುದು. ಸೂರ್ಯ ಮುಳುಗುವುದರೊಳಗೆ ಅಡುಗೆ ಮುಗಿಸಿ, ಸೈಕಲ್ಲು ಗೋಡೆಗೆ ಒರಗಿಸಿ, ಸಾಲೋಮನ್ ಭಾಯಿಯ ಮನೆಯಲ್ಲಿ ಒಟ್ಟಿಗೆ ಉಣ್ಣುವುದು. ಮುಳುಗಿತೆಂದರೆ ಅವರ ಶನಿವಾರದ ವಿಶ್ರಾಂತಿ ಶುರು, ಮರುದಿನ ಸಂಜೆಯವರೆಗೆ ಸೈಕಲ್ಲು ಮುಟ್ಟುವಂತಿಲ್ಲ. ನಾನು ಬೆಳಗಿನ ಪಾಳಿಗೆ ಸೇರಿಕೊಂಡೆ. ಅವರಿಗೆ ಸಂಜೆಯೊಳಗೆ ಮನೆ ಸೇರುವ ಅವಸರ, ನನಗೆ ಜುಮಾದೊಳಗೆ.

ಸೇರಿದ್ದು ಪರಿಸರದ ಮೇಲಿನ ಪ್ರೀತಿಯಿಂದ ಎಂದು ಬರೆಯಲು ಆಸೆ. ನಿಜ ಹೇಳಬೇಕೆಂದರೆ ಡಾಕ್ಟರು ನನ್ನ ಹೊಟ್ಟೆ ನೋಡಿ ಬೈದಿದ್ದರು. ಸೈಕಲ್ಲಿನವರು ಹಾಕುವ ಆ ಬಿಗಿ ಚಡ್ಡಿಯನ್ನು ಒಮ್ಮೆ ಹಾಕಿ ಕನ್ನಡಿ ನೋಡಿದೆ. ಅದನ್ನು ಸಬೀಹಾಗೂ ತೋರಿಸದೆ ಮಡಚಿಟ್ಟು, ಗೋದಾಮಿನ ಹಳೆಯ ಪ್ಯಾಂಟಿನಲ್ಲೇ ಹೊರಟೆ. ಏಳು ವರ್ಷ ಹೋದೆ. ಅಷ್ಟು ವರ್ಷವೂ ಸಾಲಿನ ಕೊನೆಯವನು ನಾನೇ. ನನಗಿಂತ ಹದಿನಾಲ್ಕು ವರ್ಷ ಹಿರಿಯ ಸಾಲೋಮನ್ ಭಾಯಿ ಪ್ರತಿ ತಿರುವಿನಲ್ಲೂ ಒಂದು ಕಾಲು ನೆಲಕ್ಕೂರಿ ಕಾಯುತ್ತಿದ್ದರು. "ಯಲ್ಲಾ ಶಬ್ಬೀರ್, ಬಿರಿಯಾನಿ ಇಳಿಸಿ ಬಾ ಮಾರಾಯ" ಎನ್ನುತ್ತಿದ್ದರು.

ಅವರ ಮನೆಯ ಹಿಂದೆ ಒಂದು ಕೈತೋಟವಿತ್ತು. ಅಡುಗೆಯ ಕಸ, ಮೀನಿನ ಕಸ ಎಲ್ಲ ಗುಂಡಿಗೆ ಸುರಿದು, ಆ ಉಪ್ಪು ಮರಳನ್ನು ಮಣ್ಣು ಮಾಡಿದ್ದರು. ಹರಿವೆ ಬೆಳೆಯುತ್ತಿತ್ತು, ಬಸಳೆಯೂ ಹಬ್ಬಿತ್ತು. ಆದರೆ ಕೊಯ್ಯುವಾಗ ಒಂದು ಮೂಲೆಯನ್ನು ಮುಟ್ಟುತ್ತಿರಲಿಲ್ಲ. ನಾನೊಮ್ಮೆ ಕೈಹಾಕಿದ್ದಕ್ಕೆ, "ಆ ಮೂಲೆ ಬೇಡ, ಅದು ನಮ್ಮದಲ್ಲ" ಎಂದರು. ಬೆಳೆದವನು ಮೂಲೆಯನ್ನು ಪರರಿಗೆ ಬಿಡಬೇಕೆಂಬುದು ಅವರ ಹಳೆಯ ಕಟ್ಟಳೆಯಂತೆ. ರಸ್ತೆ ಗುಡಿಸುವ ಬಾಂಗ್ಲಾದವರು ಬಂದು ಆ ಮೂಲೆಯ ಹರಿವೆ ಕಿತ್ತುಕೊಂಡು ಹೋಗುತ್ತಿದ್ದರು. ಬೇಲಿಯಲ್ಲಿ ಅಲ್ಲಿ ಮಾತ್ರ ಒಂದು ಸಂದು ಬಿಟ್ಟಿದ್ದರು, ಯಾರೂ ಕೇಳಿ ಒಳಗೆ ಬರಬೇಕಾಗದ ಹಾಗೆ.

ಇನ್ನು ಆ ಮಂಗಳವಾರದ ಮಾತು.

ಮಧ್ಯಾಹ್ನ ಡೇನಿಯಲ್ ಫೋನು ಮಾಡಿದ. ಸಾಲೋಮನ್ ಭಾಯಿಯ ತಮ್ಮ ರೂಬೆನ್ ಊರಿನಲ್ಲಿ ಬೆಳಗ್ಗೆ ತೀರಿಕೊಂಡಿದ್ದ. ಅವರಲ್ಲೂ ನಮ್ಮ ಹಾಗೆಯೇ, ಮಣ್ಣು ಮಾಡಲು ತಡಮಾಡುವುದಿಲ್ಲ. ಅದೂ ಮುಗಿದಿತ್ತು. ಸಾಲೋಮನ್ ಭಾಯಿಗೆ ದೇಶ ಬಿಡುವ ಕಾಗದ ಕೈಗೆ ಬರುವುದು ರಾತ್ರಿಗೆ, ವಿಮಾನ ಮರುದಿನ ಬೆಳಗ್ಗೆ. ರೂಬೆನ್ನನ್ನು ನಾನು ನೋಡಿರಲಿಲ್ಲ, ಆದರೆ ಅವನ ವಿಷಯ ಎಷ್ಟು ಕೇಳಿದ್ದೆನೆಂದರೆ ಎದುರು ಬಂದರೆ ಗುರುತು ಹಿಡಿಯುತ್ತಿದ್ದೆ. ಅಣ್ಣನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಒಯ್ಯುತ್ತಿದ್ದ ತಮ್ಮ ಅವನು. ಅಣ್ಣನಿಗೆ ಆಗ ಕಾಲಿನಲ್ಲಿ ಹುಣ್ಣು.

ಡೇನಿಯಲ್ ಇನ್ನೊಂದು ಮಾತು ಹೇಳಿದ. ಮಣ್ಣಾದ ದಿನ ದುಃಖದಲ್ಲಿರುವವನು ಮೊದಲ ಊಟವನ್ನು ತನ್ನ ಮನೆಯ ಪದಾರ್ಥದಿಂದ ಮಾಡುವಂತಿಲ್ಲ. ನೆರೆಯವರು ತಂದುಕೊಡಬೇಕು, ಅದೂ ಸೂರ್ಯ ಮುಳುಗುವುದರೊಳಗೆ. ಮುಳುಗಿತೋ, ಆ ಊಟದ ಸಮಯ ದಾಟಿತು. ಮತ್ತೆ ತನ್ನದನ್ನೇ ಉಣ್ಣಬಹುದು. ಉಳಿದ ನಾಲ್ವರೂ ಆ ವಾರ ಊರಲ್ಲಿರಲಿಲ್ಲ. ತಾನು ಒಂದಿಷ್ಟು ಮೊಟ್ಟೆ ಬೇಯಿಸಿ ತರುತ್ತೇನೆ ಎಂದ.

"ಮೊಟ್ಟೆ ನೀನು ತಾ. ಊಟ ನಮ್ಮ ಮನೆಯದು" ಎಂದೆ. ಸಾವಿನ ಮನೆಯಲ್ಲಿ ಒಲೆ ಉರಿಯುವುದಿಲ್ಲ, ನೆರೆಯವರು ಅನ್ನ ಕಳಿಸುತ್ತಾರೆ. ಇದನ್ನು ಭಟ್ಕಳದವನಿಗೆ ದಕ್ಷಿಣ ಆಫ್ರಿಕಾದವನು ಹೇಳಿಕೊಡಬೇಕೇ? ಸ್ವಲ್ಪ ಜಂಬದಿಂದಲೇ ಫೋನಿಟ್ಟೆ.

ಅರ್ಧ ದಿನ ರಜೆ ಹಾಕಿ ಖತೀಫಿನ ಮೀನು ಮಾರುಕಟ್ಟೆಗೆ ಹೋಗಿ ಒಂದು ಇಡೀ ಹಮೂರ್ ಮೀನು ತಂದೆ. ನಮ್ಮೂರಿನ ಗೊಬ್ರೊ ಜಾತಿಯದೇ. ಸಿಗಡಿ, ಏಡಿ ಅವರಿಗೆ ಆಗದು, ಹುರುಪೆ ಮತ್ತು ರೆಕ್ಕೆ ಇರುವ ಮೀನು ಮಾತ್ರ ಆಗುತ್ತದೆ ಎಂಬುದು ಏಳು ವರ್ಷದಲ್ಲಿ ನನಗೆ ಬಾಯಿಪಾಠವಾಗಿತ್ತು. ಹಮೂರಿಗೆ ಎರಡೂ ಇವೆ, ಕಣ್ಣಾರೆ ನೋಡಿದೆ. ಅವರ ಮೀನು ಕೊಯ್ಯಲೆಂದೇ ನನಗೆ ಕೊಟ್ಟಿದ್ದ ನೀಲಿ ದಾರದ ಚೂರಿಯನ್ನೇ ತೆಗೆದೆ.

ಆಮೇಲೆ ಅಕ್ಕ ಕಲಿಸಿದ ಹಾಗೆ ಮಾಡಿದೆ. ಅಕ್ಕನದೊಂದು ನಿಯಮವಿತ್ತು: ಸಾವಿನ ಮನೆಗೆ ಕಳಿಸುವ ಮೀನಿನಲ್ಲಿ ಮುಳ್ಳಿರಬಾರದು, ಚರ್ಮ ಇರಬಾರದು. "ಅತ್ತು ಅತ್ತು ಗಂಟಲು ಊದಿರ್ತದೆ, ಅದಕ್ಕೆ ಮುಳ್ಳು ಸಿಕ್ಕಿದ್ರೆ ಎಂತ ಗತಿ?" ಎನ್ನುತ್ತಿದ್ದಳು. ಹಾಗಾಗಿ ಚರ್ಮ ಸುಲಿದೆ. ಬೆನ್ನುಮೂಳೆ ಎತ್ತಿದೆ. ಸಣ್ಣ ಮುಳ್ಳುಗಳನ್ನು ಬೆರಳಿನಿಂದ ತಡವಿ ತಡವಿ, ಇಕ್ಕಳದಿಂದ ಒಂದೊಂದಾಗಿ ಕಿತ್ತೆ. ನಡುಭಾಗದ ಬಿಳಿ ಮಾಂಸ ಎಂಟು ತುಂಡಾಯಿತು, ಮಲ್ಲಿಗೆ ಇಡ್ಲಿಯ ಹಾಗೆ. ತಲೆಯನ್ನೂ ಬಾಲವನ್ನೂ ಮಾತ್ರ ಹುರುಪೆ ಕೆರೆಯದೆ ಹಾಗೆಯೇ ನಮ್ಮ ಮನೆಯ ಸಾರಿಗೆಂದು ಫ್ರಿಜ್ಜಿನಲ್ಲಿಟ್ಟೆ. ಒಳ್ಳೆಯ ತುಂಡು ಅತಿಥಿಗೆ, ತಲೆಬಾಲ ಮನೆಯವರಿಗೆ, ಅದೂ ನಮ್ಮಲ್ಲಿನ ಕ್ರಮ. ಚರ್ಮ, ಕರುಳು ಎಲ್ಲ ಹಿಂದಿನ ಗಲ್ಲಿಯ ಬೆಕ್ಕುಗಳ ಪಾಲಾಯಿತು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಮೀನು ಕೊಯ್ದದ್ದು ಅದೊಂದೇ ಸಲ.

ಮೀನು, ತೆಂಗಿನಹಾಲು, ಅಕ್ಕಿ ಎಲ್ಲ ನಮ್ಮ ಮನೆಯದು; ಅವರ ಕಟ್ಟಳೆ ತಪ್ಪಬಾರದೆಂದು ಒಲೆ, ಪಾತ್ರೆ ಮಾತ್ರ ಅವರದು. ಸಬೀಹಾ ನನ್ನನ್ನು ಅವರ ಮನೆಗೆ ಇಳಿಸಿ, ಹನಾಳನ್ನು ಟ್ಯೂಷನ್ನಿಗೆ ಬಿಡಲು ಕಾರು ತೆಗೆದುಕೊಂಡು ಹೋದಳು. ಸಾಲೋಮನ್ ಭಾಯಿ ತಮ್ಮವರ ಶೋಕದ ಕ್ರಮದಂತೆ ಅಂಗಿಯ ಎದೆಯನ್ನು ಹರಿದುಕೊಂಡು, ಬರಿಗಾಲಲ್ಲಿ, ನೆಲಕ್ಕೆ ಹಾಸಿದ ತೆಳು ಚಾಪೆಯ ಮೇಲೆ ಕೂತಿದ್ದರು. ಒಲೆಯನ್ನು ಅವರವರೇ ಹೊತ್ತಿಸಬೇಕೆಂಬುದೂ ಅವರ ಕ್ರಮ; ಡೇನಿಯಲ್ ಬಂದು ಹೊತ್ತಿಸಿಕೊಟ್ಟು, ಸಾಲೋಮನ್ ಭಾಯಿಯ ಪಕ್ಕ ಹೋಗಿ ಕೂತ. ನಾನು ಅಡುಗೆ ಮಾಡಿದೆ.

ತಟ್ಟೆ ಮುಂದಿಟ್ಟಾಗ ಹೊತ್ತು ಇನ್ನೂ ಇತ್ತು. ಕಿಟಕಿಯ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಸಾಲೋಮನ್ ಭಾಯಿ ತಟ್ಟೆಯನ್ನೇ ನೋಡಿದರು. ಡೇನಿಯಲ್ ಬಗ್ಗಿ ನೋಡಿದ. ಆಮೇಲೆ ಬಹಳ ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದ, ಇದರ ಚರ್ಮ ಎಲ್ಲಿ?

"ಸುಲಿದೆ" ಎಂದೆ. "ಒಂದು ಹುರುಪೆ ಇಲ್ಲ, ಒಂದು ಮುಳ್ಳಿಲ್ಲ" ಎಂದೂ ಸೇರಿಸಿದೆ.

ಅವನ ಮುಖ ಬಿದ್ದುಹೋಯಿತು. ಮೀನಿಗೆ ಹುರುಪೆ ಇದ್ದರೆ ಸಾಲದು, ಉಣ್ಣುವವರ ಕಣ್ಣಿಗೆ ಅದು ಕಾಣಬೇಕಂತೆ. ಸುಲಿದ ಬಿಳಿ ತುಂಡು ಯಾವ ಮೀನಿನದ್ದೂ ಆಗಿರಬಹುದು. ಅದಕ್ಕಾಗಿ ತುಂಡಿನ ಮೇಲೆ ಒಂದು ಚೂರು ಚರ್ಮ ಬಿಡುವುದು ವಾಡಿಕೆಯಂತೆ. ಏಳು ವರ್ಷವೂ ಮೀನನ್ನು ಆರಿಸಿ, ಎದುರು ನಿಂತು ನನ್ನಿಂದ ಕೊಯ್ಯಿಸುತ್ತಿದ್ದವರು ಸಾಲೋಮನ್ ಭಾಯಿಯೇ. ಹುರುಪೆಯನ್ನು ಅವರೇ ಕಣ್ಣಾರೆ ನೋಡುತ್ತಿದ್ದುದರಿಂದ ಈ ಮಾತು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

"ನಾನು ಸುಳ್ಳು ಹೇಳ್ತೇನಾ?" ಎಂದೆ. ದನಿ ಸ್ವಲ್ಪ ಏರಿತ್ತು. ನನಗೆ ಕೋಪ ಬಂದಿತ್ತು, ಅದನ್ನೇಕೆ ಮುಚ್ಚಿಡಲಿ? ನನ್ನ ಮಾತಿಗಿಂತ ಹೆಬ್ಬೆರಳಗಲದ ಚರ್ಮ ಹೆಚ್ಚಾಯಿತೇ ಎಂದು ಎದೆ ಉರಿಯಿತು.

"ಇಲ್ಲ ಮಾರಾಯ" ಎಂದರು ಸಾಲೋಮನ್ ಭಾಯಿ. ಆ ದಿನ ಅವರು ನನ್ನೊಡನೆ ಆಡಿದ ಮೊದಲ ಮಾತು. "ನಿನ್ನ ಮೇಲೆ ನನಗೆ ನಂಬಿಕೆ ಉಂಟು. ಆದ್ರೆ ಇವತ್ತು ರೂಬೆನ್ನಿನ ದಿನ. ಇವತ್ತು ನಾನು ಅಡ್ಡದಾರಿ ಹಿಡೀಬಾರದು."

ಡೇನಿಯಲ್ ಮೊಟ್ಟೆಯ ತಟ್ಟೆ ಸರಿಸಿದ. ಅವರು ಒಂದು ಮೊಟ್ಟೆಯನ್ನು ಕೈಯಲ್ಲಿ ಹಿಡಿದು ಹಾಗೆಯೇ ಕೂತರು. ಗೋಡೆಯ ಬಿಸಿಲು ಮೇಲೇರಿ ಮಾಸುತ್ತಿತ್ತು. ನಾನು ಎದ್ದು ಹೋಗಿಬಿಡಲೇ ಎಂದುಕೊಂಡೆ. ಆಗ ಅವರು ಕೇಳಿದರು: "ನಿಮ್ಮ ಮನೆಯಲ್ಲಿ ಇವತ್ತು ಎಂತ ಸಾರು?"

"ಇನ್ನೂ ಮಾಡಿಲ್ಲ. ಇದರದ್ದೇ ತಲೆ, ಬಾಲ ಉಂಟು."

"ಬಾಲಕ್ಕೆ ಚರ್ಮ ಉಂಟಾ?"

"ಉಂಟು. ಆದ್ರೆ ಭಾಯಿ, ಬಾಲ! ಬರೀ ಮುಳ್ಳು. ನಿಮಗೆ ಅದನ್ನ ಬಡಿಸುದು ಹ್ಯಾಗೆ?"

"ಶಬ್ಬೀರ್" ಎಂದರು, "ನಿನ್ನ ಮನೆಯ ಊಟ ಉಣ್ಣದೆ ನನ್ನ ತಮ್ಮನ ದಿನ ಮುಳುಗುದು ಬೇಡ."

ಸಬೀಹಾ ಕಾರು ಒಯ್ದಿದ್ದಳು. ಡೇನಿಯಲ್ ತಾನು ಹೋಗುತ್ತೇನೆಂದು ಎದ್ದ. ಮನೆಯ ಕೀಲಿ ನನ್ನ ಹತ್ತಿರವಿತ್ತು, ಅವನಿಗೆ ಕೊಡಬಹುದಿತ್ತು. ಕೊಡಲಿಲ್ಲ. ಗೋಡೆಗೆ ಒರಗಿದ್ದ ಸಾಲೋಮನ್ ಭಾಯಿಯ ಸೈಕಲ್ಲು ತೆಗೆದು ಹೊರಟೆ. ನಮ್ಮ ಮನೆಗೆ ಮೂರು ಕಿಲೋಮೀಟರು, ಎದುರುಗಾಳಿ, ಕಣ್ಣಿಗೆ ಮರಳು. ಏಳು ವರ್ಷ ಸಾಲಿನ ಕೊನೆಯಲ್ಲಿ ಏದುಸಿರು ಬಿಟ್ಟವನು ಆ ದಿನ ಹೇಗೆ ತುಳಿದೆನೋ ತಿಳಿಯದು. ಫ್ರಿಜ್ಜು ತೆರೆದು ಬಾಲದ ಪೊಟ್ಟಣವನ್ನು ಅಂಗಿಯೊಳಗೆ ಹಾಕಿಕೊಂಡೆ. ವಾಪಸು ಬರುವಾಗ ಗಾಳಿ ಬೆನ್ನಿಗಿತ್ತು. ಹೊಟ್ಟೆಗೆ ತಾಗಿ ತಣ್ಣಗೆ ಕೊರೆಯುವ ಆ ಬಾಲದ ಜೊತೆ, ಪ್ರತಿ ತಿರುವಿನಲ್ಲೂ ಯಾರೂ ಕಾಯುತ್ತಿಲ್ಲವಲ್ಲ ಎಂದು ನನಗೆ ಅಳು ಬಂತು. ಎಡಗಡೆ ಸೂರ್ಯ ಮನೆಗಳ ತಾರಸಿಗೆ ತಾಗಿದ್ದ.

ಡೇನಿಯಲ್ ಬೇರೆ ಬಾಣಲೆ ಇಟ್ಟು ಒಲೆ ಹೊತ್ತಿಸಿ ಕಾಯುತ್ತಿದ್ದ. ಬಾಲವನ್ನು ಬೆಳಕಿಗೆ ಹಿಡಿದು, ಚರ್ಮದ ಮೇಲಿನ ಹುರುಪೆಯನ್ನು ಉಗುರಿನಿಂದ ಎತ್ತಿ ನೋಡಿ, ತಲೆಯಾಡಿಸಿದ. ಉಪ್ಪು, ಅರಶಿನ, ಒಂದಿಷ್ಟು ಮೆಣಸಿನಪುಡಿ. ಮಸಾಲೆ ಹಿಡಿಯಲೂ ಬಿಡದೆ ಹುರಿದು ಬಡಿಸಿದೆ. ಅಕ್ಕ ನೋಡಿದ್ದರೆ ಸೌಟಿನಲ್ಲೇ ಬಾರಿಸುತ್ತಿದ್ದಳು.

ಸಾಲೋಮನ್ ಭಾಯಿ ಪ್ರಾರ್ಥನೆಯ ಎರಡು ಮಾತು ಹೇಳಿ ಉಣ್ಣತೊಡಗಿದರು. ಬಾಲವೆಂದರೆ ಗೊತ್ತಲ್ಲ, ಒಂದು ತುತ್ತಿಗೆ ಆರು ಮುಳ್ಳು. ಒಂದೊಂದನ್ನೇ ಬಿಡಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು. ಬಿಡಿಸುತ್ತ ಬಿಡಿಸುತ್ತ ತಮ್ಮನ ಮಾತು ಬಂತು. ಚಿಕ್ಕಂದಿನಲ್ಲಿ ಬಾಲಕ್ಕಾಗಿ ಇಬ್ಬರೂ ಜಗಳವಾಡುತ್ತಿದ್ದರಂತೆ; ಹುರಿದ ಬಾಲದ ರೆಕ್ಕೆ ಹಪ್ಪಳದ ಹಾಗೆ ಆಗುತ್ತದೆ, ಅದಕ್ಕೆ. ರೂಬೆನ್ ಗೆದ್ದರೂ ಮುರಿದು ಅರ್ಧ ಕೊಡುತ್ತಿದ್ದನಂತೆ. ಅಷ್ಟು ಹೇಳಿ ಮುಳ್ಳು ಹಿಡಿದ ಕೈಯಿಂದಲೇ ಕಣ್ಣು ಒತ್ತಿಕೊಂಡು, ಬೆಳಗ್ಗಿನಿಂದ ಅತ್ತಿರದಿದ್ದವರು, ದನಿ ತೆಗೆದು ಅತ್ತರು. ಅತ್ತು ಮುಗಿಸಿ ಮತ್ತೆ ಮುಳ್ಳು ಬಿಡಿಸಿದರು. ಹೊರಗೆ ಸೂರ್ಯ ಮುಳುಗಿದ ಹೊತ್ತಿನ ಮಗ್ರಿಬ್‌ನ ಅಜಾನ್ ಕೇಳಿದಾಗ ತಟ್ಟೆಯಲ್ಲಿ ಮುಳ್ಳು ಮಾತ್ರ ಉಳಿದಿತ್ತು.

ನಾನು ಮೂಲೆಯಲ್ಲಿ ನಮಾಜು ಮುಗಿಸಿ ಬಂದಾಗ ನನ್ನ ಎಂಟು ಬಿಳಿ ತುಂಡುಗಳು ಹಾಗೆಯೇ ಇದ್ದವು. "ಎಸೆಯಬಾರದು, ಅದು ಇನ್ನೊಂದು ತಪ್ಪು. ನೀನು ಉಣ್ಣು" ಎಂದರು. ಅವರ ತಟ್ಟೆಗೆ ತಾಗಬಾರದೆಂದು ಕಾಗದದ ತಟ್ಟೆಯಲ್ಲಿ ಹಾಕಿಕೊಂಡು ಕೂತೆ. ಮುಳ್ಳಿಲ್ಲ, ಚರ್ಮವಿಲ್ಲ, ಬೆಣ್ಣೆಯಂಥ ಮೀನು. ಒಂದು ತುಂಡು ಮುರಿದು, ಮತ್ತೆ ಅಲ್ಲೇ ಇಟ್ಟು, ಎಲ್ಲವನ್ನೂ ಮನೆಗೆಂದು ಕಟ್ಟಿಕೊಂಡೆ.

ಅವರು ಮರುದಿನ ಹೋದವರು ಮತ್ತೆ ಬರಲಿಲ್ಲ. ತಮ್ಮನ ಸಂಸಾರ ನೋಡಿಕೊಳ್ಳಬೇಕಿತ್ತು, ವಯಸ್ಸೂ ಆಗಿತ್ತು. ಸೈಕಲ್ಲು ನನಗೆ, ತೋಟ ಡೇನಿಯಲ್ಲಿಗೆ ಎಂದು ಹೇಳಿ ಕಳಿಸಿದರು. ಮೂಲೆ ಕೊಯ್ಯಬೇಡಿ ಎಂದೂ ಹೇಳಿದ್ದರು. ಅಕ್ಕನಿಗೆ ಫೋನಿನಲ್ಲಿ ನಡೆದದ್ದನ್ನು ಹೇಳಿದೆ. "ಬಾಲವಾ? ಸಾವಿನ ಮನೆಗೆ ಬಾಲ ಕೊಟ್ಟೆಯಾ?" ಎಂದು ಕಿರುಚಿದಳು. ಆಮೇಲೆ, "ಉಂಡರಾ?" ಎಂದಳು. ಉಂಡರು ಎಂದೆ. "ಮತ್ತೆಂತ, ಸಾಕಲ್ಲ" ಎಂದು ಫೋನಿಟ್ಟಳು.

ಒಂದು ತಿಂಗಳ ಮೇಲೆ ಸಾಲೋಮನ್ ಭಾಯಿಯೇ ಊರಿನಿಂದ ಮಾತಾಡಿದರು. ಅಲ್ಲಿ ಶೋಕದ ಏಳು ದಿನ ಚಾಪೆಯ ಮೇಲೆ ಕೂತಿದ್ದಾಗ ನೆಂಟರು, ನೆರೆಯವರು ದಿನವೂ ಊಟ ತಂದರಂತೆ. "ಎಲ್ಲ ಪ್ರೀತಿಯಿಂದ ತಂದ್ರು ಶಬ್ಬೀರ್. ಮುದುಕ ಅಂತ ಮೀನಿನ ಮುಳ್ಳು ಅವರೇ ತೆಗೆದು ಕೊಡ್ತಿದ್ರು" ಎಂದರು. ಆಮೇಲೆ ಹೇಳಿದರು: "ಏಳು ದಿನವೂ ನನಗೆ ಅಳ್ಲಿಕ್ಕೆ ಆಗ್ಲಿಲ್ಲ ಮಾರಾಯ."